ಪುನರ್ವಸು ಮಳೆಗೆ ಹೆಣೆದ ಕಾಲುಚೀಲ

ಅಣ್ಣನ ಮಗಳ ಹೆರಿಗೆ ಪುನರ್ವಸು ಮಳೆಯ ಹೊತ್ತಿಗೆ ಎಂದು ಡಾಕ್ಟರು ಹೇಳಿದ ದಿನವೇ ಮಗುವಿನ ಕಾಲುಚೀಲ ನಾನೇ ಹೆಣೆಯಬೇಕು ಎಂದುಕೊಂಡೆ. ನಾನಿರುವುದು ಬೆಂಗಳೂರಿನಲ್ಲಿ. ಇಲ್ಲಿ ಜುಲೈನಲ್ಲಿ ಹುಟ್ಟಿದ ಮಗುವಿಗೆ ಉಣ್ಣೆಯ ಕಾಲುಚೀಲ ಬೇಕೇ ಬೇಕು ಎಂದೇನಿಲ್ಲ, ತೆಳು ಹತ್ತಿಯದು ಸಾಕು. ಆದರೆ ಅವಳು ಬಾಣಂತನಕ್ಕೆ ಹೋಗುವುದು ಅವಳ ತವರಿಗೆ, ಅಂದರೆ ನನ್ನ ತವರಿಗೂ. ತೀರ್ಥಹಳ್ಳಿಯಿಂದ ಆಗುಂಬೆ ಕಡೆಗೆ ಹೋಗುವ ದಾರಿಯಲ್ಲಿ ಒಳಕ್ಕೆ ತಿರುಗಿದರೆ ಸಿಗುವ ಊರು ಅದು. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿ.ಮೀ. ದಾಟಿ ಮಳೆ ಬೀಳುತ್ತದೆ, ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ಆ ದಿನಗಳಲ್ಲಿ ನಮ್ಮ ಮನೆಯ ಗೋಡೆ ಮುಟ್ಟಿದರೆ ಕೈಗೆ ತೇವ ಹತ್ತುತ್ತದೆ. ಉಪ್ಪಿನ ಭರಣಿಯಲ್ಲಿ ನೀರೊಡೆಯುತ್ತದೆ. ಒಗೆದ ಬಟ್ಟೆ ಒಣಗಬೇಕೆಂದರೆ ಕೆಂಡದ ಮೇಲೆ ಬಿದಿರಿನ ಬುಟ್ಟಿ ಬೋರಲು ಹಾಕಿ ಅದರ ಮೇಲೆ ಹರವಬೇಕು.

ದಾರ ಯಾವುದಿರಬೇಕು ಎನ್ನುವುದನ್ನು ಈ ಕೆಂಡವೇ ತೀರ್ಮಾನಿಸಿತು.

ಚಿಕ್ಕಪೇಟೆಯಲ್ಲಿ ‘ಉಲ್ಲನ್ ಕೊಡಿ’ ಎಂದು ಕೇಳಿದರೆ ಅಂಗಡಿಯವರು ಕೈಗಿಡುವ ಉಂಡೆ ಸಾಮಾನ್ಯವಾಗಿ ಆಕ್ರಿಲಿಕ್ಕಿನದು, ಅಂದರೆ ಉಣ್ಣೆಯಲ್ಲದ ಕೃತಕ ದಾರ. ಮೆತ್ತಗಿರುತ್ತದೆ, ಬಣ್ಣ ನೂರಾರು, ಬೆಲೆ ಕಡಿಮೆ, ನೀರಲ್ಲಿ ಹಾಕಿದರೆ ಕುಗ್ಗುವುದಿಲ್ಲ. ಟೋಪಿ, ಸ್ವೆಟರು, ಟಿ.ವಿ. ಮೇಲಿನ ಹೊದಿಕೆ, ಏನು ಬೇಕಾದರೂ ಅದರಲ್ಲಿ ನಾನೂ ಹೆಣೆದಿದ್ದೇನೆ. ಆದರೆ ಬಾಣಂತಿ ಕೋಣೆಯಲ್ಲಿ ಅಗ್ಗಿಷ್ಟಿಕೆ ಇರುತ್ತದೆ, ಸ್ನಾನವಾದ ಮೇಲೆ ಸಾಂಬ್ರಾಣಿ ಹಾಕುತ್ತಾರೆ, ಬಟ್ಟೆ ಕೆಂಡದ ಮೇಲೆಯೇ ಒಣಗುತ್ತದೆ. ಅಂಥ ಕಡೆ ಮಗುವಿನ ಮೈಗೆ ಯಾವ ದಾರ ತಾಗುತ್ತಿದೆ ಎಂದು ನೋಡಿಕೊಳ್ಳದೆ ಇರಲಾಗದು. ದಾರ ಯಾವುದೆಂದು ತಿಳಿಯಲು ಒಂದು ಹಳೆಯ ಪರೀಕ್ಷೆಯಿದೆ. ಬೆರಳುದ್ದದ ತುಂಡನ್ನು ಇಕ್ಕಳದಲ್ಲಿ ಹಿಡಿದು ಬಚ್ಚಲ ಕಲ್ಲಿನ ಮೇಲೆ ನಿಂತು ಬೆಂಕಿ ಕಡ್ಡಿ ತೋರಿಸುವುದು. ಆಕ್ರಿಲಿಕ್ ಕೂಡಲೇ ಹೊತ್ತಿಕೊಂಡು, ಕರಗಿ, ಉರಿಯುತ್ತಲೇ ಸುರುಟಿಕೊಳ್ಳುತ್ತದೆ. ತಣಿದ ಮೇಲೆ ತುದಿಯಲ್ಲಿ ಗಟ್ಟಿ ಕರಿ ಮಣಿ ಉಳಿಯುತ್ತದೆ, ಉಗುರಿನಿಂದ ಒತ್ತಿದರೂ ಒಡೆಯುವುದಿಲ್ಲ. ಉಣ್ಣೆ ಹೊತ್ತಿಕೊಳ್ಳಲು ಹಿಂಜರಿಯುತ್ತದೆ. ಕೂದಲು ಸುಟ್ಟ ವಾಸನೆ ಬರುತ್ತದೆ, ಕಡ್ಡಿ ಸರಿಸಿದೊಡನೆ ತಾನಾಗಿ ಆರುತ್ತದೆ, ಉಳಿದ ಬೂದಿ ಬೆರಳಲ್ಲಿ ಉಜ್ಜಿದರೆ ಪುಡಿಯಾಗುತ್ತದೆ. ಕರಗಿದ ಆಕ್ರಿಲಿಕ್ ಚರ್ಮಕ್ಕೆ ಅಂಟಿಕೊಳ್ಳುವಂಥದ್ದು. ಆ ಕರಿ ಮಣಿಯನ್ನು ಒಮ್ಮೆ ಕೈಯಲ್ಲಿ ಹಿಡಿದು ನೋಡಿದವರು ಬಾಣಂತಿ ಕೋಣೆಗೆ ಆ ದಾರ ಒಯ್ಯಲಾರರು.

ಉಣ್ಣೆಯೇ ಸರಿ ಎಂದಾದ ಮೇಲೆ ನಮ್ಮ ನಾಡಿನ ಉಣ್ಣೆ ನೆನಪಾಯಿತು. ಚಳ್ಳಕೆರೆ ಕಡೆಯ ಕರಿ ಕಂಬಳಿ ನಮ್ಮ ಮನೆಯಲ್ಲಿ ಈಗಲೂ ಇದೆ. ಹಾಸಿನ ನೂಲಿಗೆ ಹುಣಸೆ ಬೀಜದ ಗಂಜಿ ಕೊಟ್ಟು ಕುರುಬರು ನೇಯ್ದ ಆ ಕಂಬಳಿ ಹೊದ್ದು ಗದ್ದೆಗೆ ಹೋದರೆ ಮಳೆ ಒಳಗಿಳಿಯುವುದಿಲ್ಲ. ಆದರೆ ಆ ಉಣ್ಣೆ ಕೊಡುವ ಡೆಕ್ಕನಿ ಕುರಿಯ ಎಳೆ ಒರಟು. ದಪ್ಪದಲ್ಲಿ 30 ಮೈಕ್ರಾನ್ (ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಪಾಲು) ದಾಟಿದ ಎಳೆಗಳು ಚರ್ಮಕ್ಕೆ ಚುಚ್ಚುತ್ತವೆ, ಬಗ್ಗುವುದಿಲ್ಲ. ಹಾಗಾಗಿ ನಯವಾದ ಉಣ್ಣೆ ಕೊಡುವ ಮೆರಿನೊ ಕುರಿಯ ದಾರ ಆರಿಸಿದೆ. ಅದರ ಎಳೆ ಸಾಮಾನ್ಯವಾಗಿ 24 ಮೈಕ್ರಾನ್‌ಗಿಂತ ಸಣ್ಣದು. ದಾರ ಕೊಳ್ಳುವಾಗ ನಾನು ಅದನ್ನು ಅಂಗೈಯಲ್ಲಿ ಪರೀಕ್ಷಿಸುವುದಿಲ್ಲ, ಕಿವಿಯ ಹಿಂದೆ ಕುತ್ತಿಗೆಗೆ ತಾಗಿಸಿ ಸ್ವಲ್ಪ ಹೊತ್ತು ಬಿಡುತ್ತೇನೆ. ಕೆಲಸ ಮಾಡಿ ಒರಟಾದ ಅಂಗೈಗೆ ಚುಚ್ಚು ಗೊತ್ತಾಗುವುದಿಲ್ಲ, ಕುತ್ತಿಗೆಗೆ ಗೊತ್ತಾಗುತ್ತದೆ.

ಮೆರಿನೊದಲ್ಲೂ ಕಾಲುಚೀಲಕ್ಕೆಂದೇ ಮಾರುವ ದಾರದಲ್ಲಿ ಸಾಮಾನ್ಯವಾಗಿ ಕಾಲು ಭಾಗ ನೈಲಾನ್ ಸೇರಿರುತ್ತದೆ. ಶೂ ಒಳಗೆ ಹಿಮ್ಮಡಿ ಸವೆದು ತೂತಾಗದಿರಲಿ ಎಂದು ಅದು. ಇನ್ನೂ ನಡೆಯದ ಮಗುವಿಗೆ ಸವೆಯುವ ಮಾತೆಲ್ಲಿ? ನೈಲಾನ್ ಕೂಡ ಕರಗುವ ಜಾತಿಯದೇ. ಹಾಗಾಗಿ ಪೂರ್ತಿ ಉಣ್ಣೆಯದನ್ನೇ ಆನ್‌ಲೈನಿನಲ್ಲಿ ತರಿಸಿದೆ, ‘ಸೂಪರ್‌ವಾಶ್’ ಎಂದು ಬರೆದದ್ದು. ಉಣ್ಣೆಯ ಎಳೆಯ ಮೇಲೆ ಸಣ್ಣ ಸಣ್ಣ ಹುರುಪೆಗಳಿರುತ್ತವೆ. ಬಿಸಿನೀರಲ್ಲಿ ಹಾಕಿ ಉಜ್ಜಿದರೆ ಅವು ಒಂದಕ್ಕೊಂದು ಸಿಕ್ಕಿಕೊಂಡು ಬಟ್ಟೆ ಗಟ್ಟಿಯಾಗಿ ಕುಗ್ಗುತ್ತದೆ. ಸೂಪರ್‌ವಾಶ್ ದಾರದಲ್ಲಿ ಆ ಹುರುಪೆಗಳನ್ನು ಮೊದಲೇ ನಯ ಮಾಡಿರುತ್ತಾರೆ. ಹಳ್ಳಿ ಮನೆಯಲ್ಲಿ ಮಗುವಿನ ಬಟ್ಟೆಯೆಲ್ಲ ಒಟ್ಟಿಗೆ ಹಂಡೆಯ ಬಿಸಿನೀರಿಗೆ ಬೀಳುತ್ತದೆ. ಇದೊಂದು ಉಣ್ಣೆಯದು, ಬೇರೆ ಒಗೆಯಿರಿ ಎಂದು ದಿನಾ ಯಾರು ಹೇಳುತ್ತಾ ಕೂರುತ್ತಾರೆ! ದಾರ ದುಬಾರಿ, ನಿಜ. ಆದರೆ ಒಂದು ಜೊತೆಗೆ ಬೇಕಾಗುವುದು ಸುಮಾರು 20 ಗ್ರಾಂ, ಅಷ್ಟೇ. ನೂರು ಗ್ರಾಮಿನ ಲಡಿಯಲ್ಲಿ ನಾಲ್ಕು ಜೊತೆ ಆರಾಮಾಗಿ ಆಗುತ್ತದೆ.

ಕಡ್ಡಿ ನನ್ನ ಹಳೆಯದೇ, ಎರಡೂ ತುದಿ ಚೂಪಾದ ಐದು ಕಡ್ಡಿಗಳ ಸೆಟ್ಟು, 13ನೇ ನಂಬರು. ಈ ನಂಬರಿನ ವಿಷಯ ಹೊಸಬರಿಗೆ ಹೇಳಲೇಬೇಕು. ನಮ್ಮ ಅಂಗಡಿಗಳಲ್ಲಿ ನಡೆಯುವುದು ಹಳೆಯ ಬ್ರಿಟಿಷ್ ಲೆಕ್ಕ, ನಂಬರು ಹೆಚ್ಚಿದಂತೆ ಕಡ್ಡಿ ತೆಳು. 13 ಎಂದರೆ 2.25 ಮಿ.ಮೀ. ಅಮೆರಿಕದವರ ಲೆಕ್ಕ ಇದಕ್ಕೆ ಉಲ್ಟಾ, ಅಲ್ಲಿ ಇದೇ ಕಡ್ಡಿ 1ನೇ ನಂಬರು. ಅವರ ವಿವರಣೆ ನೋಡಿ ಹೆಣೆಯುವವರು ನಂಬರು ಬಿಟ್ಟು ಮಿಲಿಮೀಟರನ್ನೇ ಹಿಡಿಯಬೇಕು.

ಅಳತೆಯದೇ ದೊಡ್ಡ ಪ್ರಶ್ನೆ, ಏಕೆಂದರೆ ಕಾಲು ಇನ್ನೂ ಹೊಟ್ಟೆಯೊಳಗಿದೆ. ತಿಂಗಳು ತುಂಬಿ ಹುಟ್ಟಿದ ಮಗುವಿನ ಅಂಗಾಲು ಸುಮಾರು ಏಳೂವರೆಯಿಂದ ಎಂಟು ಸೆಂಟಿಮೀಟರ್. ನನ್ನ ನಡುಬೆರಳಿನ ಉದ್ದವೂ ಅಷ್ಟೇ, ಹೆಣೆಯುವಾಗ ಟೇಪು ಹುಡುಕದೆ ಬೆರಳಿಗೇ ಇಟ್ಟು ನೋಡುತ್ತಿದ್ದೆ. ಪಾದದ ಸುತ್ತಳತೆ 11 ಸೆಂ.ಮೀ. ಆಸುಪಾಸು. ಕಾಲುಚೀಲ ಕಾಲಿಗಿಂತ ಹತ್ತರಲ್ಲೊಂದು ಪಾಲು ಕಿರಿದಾಗಿದ್ದರೆ ಮಾತ್ರ ಹಿಗ್ಗಿ ಹಿಡಿದು ನಿಲ್ಲುತ್ತದೆ, ಸರಿ ಅಳತೆಗೆ ಹೆಣೆದರೆ ಮಗು ಒಂದು ಸಲ ಕಾಲು ಝಾಡಿಸಿದರೆ ಹೋಯಿತು. ನನ್ನ ಕೈಯಲ್ಲಿ ಈ ದಾರಕ್ಕೆ ಈ ಕಡ್ಡಿಯಲ್ಲಿ ಒಂದು ಇಂಚಿಗೆ 8 ಕುಣಿಕೆ ಬರುತ್ತದೆ. ನಾಲ್ಕು ಇಂಚಿಗೆ 32. ನಾಲ್ಕು ಕಡ್ಡಿಯಲ್ಲಿ ಎಂಟೆಂಟು, ಐದನೆಯದು ಹೆಣೆಯಲು. ಹೊಸ ದಾರ ಹಿಡಿದಾಗೆಲ್ಲ ಅಂಗೈಯಗಲದ ತುಂಡು ಹೆಣೆದು, ಒಗೆದು, ಒಣಗಿಸಿ ಕುಣಿಕೆ ಎಣಿಸಿಯೇ ಮುಂದುವರಿಯುವುದು. ಉಣ್ಣೆ ನೀರು ಕಂಡ ಮೇಲೆ ಸ್ವಲ್ಪ ಅಗಲಿಸುತ್ತದೆ.

ಅಂಗಡಿಯ ಕಾಲುಚೀಲ ಬಿಚ್ಚಿದಾಗ ಮಗುವಿನ ಮೀನಖಂಡದ ಸುತ್ತ ಕೆಂಪು ಗೆರೆ ಮೂಡಿರುವುದನ್ನು ಎಲ್ಲ ತಾಯಂದಿರೂ ನೋಡಿರುತ್ತಾರೆ. ಇಲಾಸ್ಟಿಕ್ ಒಂದೇ ಗೆರೆಯಲ್ಲಿ ಬಿಗಿ ಹಿಡಿಯುವುದರಿಂದ ಹಾಗಾಗುತ್ತದೆ. ಹೆಣೆದದ್ದರಲ್ಲಿ ಆ ಹಿಡಿತವನ್ನು ಉದ್ದಕ್ಕೂ ಹಂಚಬಹುದು. ಬಾಯಿಯ ಹತ್ತಿರ ಎರಡು ಸೀದಾ (ಎದುರಿಗೆ ನಯವಾಗಿ ಕಾಣುವ ಕುಣಿಕೆ), ಎರಡು ಉಲ್ಟಾ (ಅದರದೇ ಹಿಂಬದಿ ಎದುರಿಗೆ ಕಾಣುವ ಕುಣಿಕೆ) ಎಂದು ಸುತ್ತಿ ಸುತ್ತಿ ಐದು ಸೆಂಟಿಮೀಟರ್ ಬಾರ್ಡರು ಮಾಡಿದೆ. ಮೊದಲ ಸಾಲಿನ ಕುಣಿಕೆಗಳನ್ನು ಎರಡು ಕಡ್ಡಿ ಜೋಡಿಸಿ ಅವುಗಳ ಮೇಲೆ ಏರಿಸಿ, ಆಮೇಲೆ ಒಂದು ಕಡ್ಡಿ ಎಳೆದುಬಿಟ್ಟರೆ ಬಾಯಿ ಸಡಿಲವಾಗಿ ಉಳಿಯುತ್ತದೆ. ನನ್ನ ಮೂರು ಬೆರಳು ಒಳಗೆ ಹಾಕಿ ಅಗಲಿಸಿದರೆ ಹಿಗ್ಗಬೇಕು, ಬಿಟ್ಟರೆ ಮತ್ತೆ ಕೂಡಬೇಕು. ಚೀಲ ಚಿಕ್ಕದೆಂದು ಬಾರ್ಡರನ್ನೂ ಚಿಕ್ಕದು ಮಾಡುವವರಿದ್ದಾರೆ. ಅದು ಸರಿಯಲ್ಲ ಎನ್ನುವುದು ನನ್ನ ಅಭಿಪ್ರಾಯ. ಕಣಕಾಲಿನ ಮೇಲೆ ಉದ್ದಕ್ಕೆ ಹತ್ತಿದ ಬಾರ್ಡರೇ ಚೀಲವನ್ನು ಕಾಲಲ್ಲಿ ಉಳಿಸುವುದು.

ಇನ್ನು ಹಿಮ್ಮಡಿ. ಹಿಮ್ಮಡಿಯೇ ಇಲ್ಲದೆ, ಪಟ್ಟೆ ಓರೆಯಾಗಿ ಸುತ್ತಿಕೊಂಡು ಹೋಗುವ ಕೊಳವೆ ಚೀಲವನ್ನೂ ಹೆಣೆಯಬಹುದು. ಯಾವ ಕಡೆ ತಿರುಗಿಸಿ ಹಾಕಿದರೂ ನಡೆಯುತ್ತದೆ, ಮಗು ಬೆಳೆದರೂ ಕೆಲವು ತಿಂಗಳು ಆಗುತ್ತದೆ. ಅವಸರಕ್ಕೆ ಒಳ್ಳೆಯದು. ಆದರೂ ನನಗೆ ಹಿಮ್ಮಡಿ ತಿರುಗಿಸುವುದೆಂದರೆ ಬಹಳ ಇಷ್ಟ. ನೇರ ಹೋಗುತ್ತಿದ್ದ ಬಟ್ಟೆ ಕತ್ತರಿ, ಹೊಲಿಗೆ ಯಾವುದೂ ಇಲ್ಲದೆ ತಾನೇ ಬಾಗುವ ಜಾಗ ಅದು.

32ರಲ್ಲಿ 16 ಕುಣಿಕೆಗಳನ್ನು ಒಂದೇ ಕಡ್ಡಿಗೆ ತೆಗೆದುಕೊಂಡು, ಉಳಿದ 16ನ್ನು ಹಾಗೇ ಬಿಟ್ಟು, ಹಿಂದೆ ಮುಂದೆ 16 ಸಾಲು ಹೆಣೆಯಬೇಕು. ಪ್ರತಿ ಸಾಲಿನ ಮೊದಲ ಕುಣಿಕೆಯನ್ನು ಹೆಣೆಯದೆ ಜಾರಿಸಿಕೊಂಡರೆ ಅಂಚಿನಲ್ಲಿ ಸರಪಣಿ ಮೂಡುತ್ತದೆ, ಆ ಸರಪಣಿ ಆಮೇಲೆ ಬೇಕಾಗುತ್ತದೆ. ಇಲ್ಲಿಂದ ಮುಂದಿನದು ಮೊದಲ ಸಲ ಹೆಣೆಯುವವರಿಗೆ ತಪ್ಪು ಅನ್ನಿಸುವಂಥದ್ದು. 9 ಸೀದಾ, ಮುಂದಿನ ಎರಡನ್ನು ಸೇರಿಸಿ ಒಂದು, ಮತ್ತೊಂದು ಸೀದಾ. ಕಡ್ಡಿಯಲ್ಲಿ ಇನ್ನೂ 4 ಕುಣಿಕೆ ಬಾಕಿ ಇರುವಾಗಲೇ ತಿರುಗಿಸಿಬಿಡುವುದು. ಆ ಕಡೆಯಿಂದ ಒಂದು ಜಾರಿಸಿ, 3 ಉಲ್ಟಾ, ಎರಡು ಸೇರಿಸಿ ಒಂದು, ಮತ್ತೊಂದು ಉಲ್ಟಾ, ಅಲ್ಲೂ 4 ಬಾಕಿ ಇರುವಾಗಲೇ ತಿರುಗಿಸುವುದು. ತಿರುಗಿದ ಜಾಗದಲ್ಲಿ ಸಣ್ಣ ಸಂದು ಕಾಣುತ್ತದೆ. ಮುಂದಿನ ಸಾಲಿನಲ್ಲಿ ಆ ಸಂದಿನ ಆಚೆ ಈಚೆಯ ಕುಣಿಕೆಗಳನ್ನೇ ಸೇರಿಸುವುದು, ಹೀಗೆ ನಡುವಿನ ಭಾಗ ಎರಡೂ ಕಡೆಯ ಕುಣಿಕೆಗಳನ್ನು ಒಂದೊಂದಾಗಿ ನುಂಗುತ್ತಾ ಅಗಲವಾಗುತ್ತದೆ. ಆರನೇ ಸಾಲು ಮುಗಿದಾಗ 16 ಇದ್ದದ್ದು 10 ಆಗಿರುತ್ತದೆ. ಕೈಯಲ್ಲಿರುವ ಬಟ್ಟೆ ಬಾಳೆಲೆಯ ದೊನ್ನೆಯಂತೆ ಗುಳಿಯಾಗಿರುತ್ತದೆ. ಅದರೊಳಗೆ ಹೆಬ್ಬೆರಳ ತುದಿ ಇಟ್ಟು ನೋಡದೆ ನಾನು ಯಾವತ್ತೂ ಮುಂದಕ್ಕೆ ಹೋದದ್ದಿಲ್ಲ.

ಆಮೇಲೆ ಅಂಚಿನ ಸರಪಣಿಗಳಿಂದ ಆಚೆ 8, ಈಚೆ 8 ಕುಣಿಕೆ ಎತ್ತಿಕೊಂಡು, ಬಿಟ್ಟಿದ್ದ 16ನ್ನೂ ಸೇರಿಸಿದರೆ ಒಟ್ಟು 42. ಒಂದು ಸುತ್ತು ಬಿಟ್ಟು ಒಂದು ಸುತ್ತಿಗೆ ಎರಡೆರಡು ಇಳಿಸುತ್ತಾ ಮತ್ತೆ 32ಕ್ಕೆ ಬರುವುದು. ಅಂಗಾಲಿನ ಕಡೆ ಸೀದಾ, ಪಾದದ ಮೇಲ್ಭಾಗದಲ್ಲಿ ಬಾರ್ಡರಿನ ಎರಡು-ಎರಡನ್ನೇ ಮುಂದುವರಿಸಿದೆ. ಎಳೆ ಮಗುವಿನ ಪಾದ ಮೇಲ್ಭಾಗದಲ್ಲಿ ದಪ್ಪ, ಬೆರಳ ಹತ್ತಿರ ಅಗಲ. ಎರಡು-ಎರಡು ಅದಕ್ಕೆ ತಕ್ಕಂತೆ ಹಿಗ್ಗಿ ಕೂರುತ್ತದೆ.

ಈ ಹಂತದಲ್ಲಿ ಊರಿಂದ ದೊಡ್ಡಮ್ಮ ವಿಡಿಯೊ ಕಾಲ್ ಮಾಡಿದ್ದರು. ಕಡ್ಡಿಯಲ್ಲಿದ್ದದ್ದನ್ನು ತೋರಿಸಿದೆ.

“ಗೊಂಡೆ ಎಲ್ಲಿ? ಗೊಂಡೆ ಇಲ್ದೆ ಎಂಥ ಕಾಲುಚೀಲವೇ ಅದು? ನಿಂಗೆ ನಾನು ಹಾಕಿದ್ದಕ್ಕೆ ಎರಡೆರಡು ಗೊಂಡೆ ಇತ್ತು, ದಾರ ಕಟ್ಟಿ ಇಳಿಬಿಟ್ಟಿದ್ದೆ.”

“ಬಾಯಿಗೆ ಹಾಕ್ಕೊಳ್ತದೆ ದೊಡ್ಡಮ್ಮ. ಗೊಂಡೆ ಕಿತ್ತು ಬಂದ್ರೆ ಗಂಟಲಿಗೆ ಹೋಗ್ತದೆ. ಕಟ್ಟೋ ದಾರವೂ ಬೇಡ, ಕಾಲಿಗೆ ಬಿಗೀತದೆ.”

ಸ್ವಲ್ಪ ಹೊತ್ತು ಸುಮ್ಮನಿದ್ದು, “ಅದೂ ಸರಿಯೇ,” ಎಂದರು. “ಆದ್ರೆ ದೃಷ್ಟಿಗೆ ಒಂದು ಕಪ್ಪು ಕುಣಿಕೆಯಾದ್ರೂ ಹಾಕು. ಅಂಗಾಲಿಗೆ ಇಟ್ಟ ಬೊಟ್ಟು ಚೀಲದೊಳಗೆ ಹೋದ್ರೆ ಯಾರಿಗೆ ಕಾಣ್ತದೆ?”

ಅವರು ಕೇಳಿದ್ದು ನ್ಯಾಯವಾಗಿತ್ತು. ಆದರೆ ಅಂಗಾಲಿನಲ್ಲಿ ಒಂದೇ ಒಂದು ಕುಣಿಕೆಗೆ ಬೇರೆ ದಾರ ತಂದರೆ ಅದರ ಎರಡು ತುದಿ ಒಳಗಡೆ, ಬೆರಳುಗಳ ಹತ್ತಿರವೇ ಉಳಿಯುತ್ತದೆ. ಅದಕ್ಕೆ ನಾನು ಒಪ್ಪುವ ಹಾಗಿರಲಿಲ್ಲ. ಕೊನೆಗೆ ಬಾರ್ಡರಿನಲ್ಲಿ, ಕಾಲಿನ ಮೇಲ್ಭಾಗದಲ್ಲಿ, ಒಂದು ಕಪ್ಪು ಪಟ್ಟೆ ಎಂದು ತೀರ್ಮಾನವಾಯಿತು. ಅಲ್ಲಿ ದಾರದ ತುದಿಗಳನ್ನು ಉಲ್ಟಾ ಕುಣಿಕೆಗಳ ಹಿಂದೆ ಉದ್ದಕ್ಕೆ ಹುದುಗಿಸಬಹುದು, ಬೆರಳಿಗೆ ದೂರ. ಕಡ್ಡಿಯಲ್ಲಿದ್ದ ಜೊತೆಯನ್ನು ಹಾಗೇ ಮುಗಿಸಿ, ನಾಮಕರಣಕ್ಕೆಂದು ಬೇರೆಯದೇ ಒಂದು ಜೊತೆಗೆ ಪಟ್ಟೆ ಹಾಕಿದೆ. ಮಕ್ಕಳ ಕಾಲುಚೀಲಕ್ಕೆ ಪಟ್ಟೆ ಹಾಕುವುದು ಬಹಳ ಹಳೆಯ ಪದ್ಧತಿ. ಈಜಿಪ್ಟಿನ ಆಂಟಿನೊಪೊಲಿಸ್ ಎಂಬ ಊರಿನ ಹಳೆಯ ಕಸದ ಗುಂಡಿಯಲ್ಲಿ ಸಿಕ್ಕ ಒಂದು ಉಣ್ಣೆಯ ಚೀಲ ಲಂಡನ್ನಿನ ಬ್ರಿಟಿಷ್ ಮ್ಯೂಸಿಯಮ್ಮಿನಲ್ಲಿದೆ. ಸುಮಾರು ಕ್ರಿ.ಶ. 300ರದ್ದು, ಒಂದು ಮಗುವಿನ ಎಡಗಾಲಿನದು, ಹೆಬ್ಬೆರಳಿಗೆ ಬೇರೆ ಮನೆ ಇದೆ. ಎರಡು ಕಡ್ಡಿಯ ಹೆಣಿಗೆ ಬರುವುದಕ್ಕೂ ಮೊದಲು ಒಂದೇ ಸೂಜಿಯಲ್ಲಿ ಕುಣಿಕೆ ಕಟ್ಟಿ ಮಾಡಿದ್ದು. 2018ರಲ್ಲಿ ಅದನ್ನು ಬೇರೆ ಬೇರೆ ಬೆಳಕಿನಲ್ಲಿ ಚಿತ್ರ ತೆಗೆದು ಪರೀಕ್ಷಿಸಿದಾಗ, ಅಷ್ಟೊಂದು ಬಣ್ಣದ ಪಟ್ಟೆಗಳು ಮೂರೇ ಗಿಡಗಳ ಬಣ್ಣದಿಂದ, ಕೆಂಪು, ನೀಲಿ, ಹಳದಿಯಿಂದ, ಬಂದವು ಎಂದು ತಿಳಿಯಿತು. ದೊಡ್ಡಮ್ಮನಿಗೆ ಇದನ್ನು ಹೇಳಿದಾಗ ಅವರು ಕೇಳಿದ್ದು ಒಂದೇ: “ಅದ್ರಲ್ಲಿ ಕಪ್ಪು ಇತ್ತಾ?”

ಮುಂಗಾಲಿಗೆ ಬಂದಾಗ ಒಂದು ಸುತ್ತು ಬಿಟ್ಟು ಒಂದು ಸುತ್ತಿಗೆ ನಾಲ್ಕು ನಾಲ್ಕು ಇಳಿಸಿ 16ಕ್ಕೆ ತಂದೆ. ಉಳಿದ 8 ಮತ್ತು 8 ಕುಣಿಕೆಗಳನ್ನು ಎದುರುಬದುರು ಇಟ್ಟು ದಬ್ಬಳದಲ್ಲಿ ಒಂದರೊಳಗೊಂದು ಹಾಯಿಸಿ ಕೂಡಿಸುವುದು, ಹೊಲಿಗೆ ಹಾಕುವುದಲ್ಲ. ದಾರ ಹೆಣಿಗೆಯ ದಾರಿಯಲ್ಲೇ ಸಾಗಿ ಇನ್ನೊಂದು ಸಾಲಾಗಿಬಿಡುತ್ತದೆ, ಒಳಗೆ ಗೀರು ಇರುವುದಿಲ್ಲ. ಹೊಲಿದು ಮುಚ್ಚಿದರೆ ದಪ್ಪ ಅಂಚು ಉಳಿದು ಮಗುವಿನ ಬೆರಳಿಗೆ ಒತ್ತುತ್ತದೆ.

ಹೆಣಿಗೆ ಮುಗಿದ ಮೇಲೆ ಚೀಲವನ್ನು ಒಳಹೊರಗು ಮಾಡಿ ಕಿಟಕಿ ಬೆಳಕಿಗೆ ಹಿಡಿಯುವುದು ನನಗೆ ಹೆಣಿಗೆಯಷ್ಟೇ ಮುಖ್ಯ. ಒಂದು ಎಳೆ ಸಡಿಲವಾಗಿ ಒಳಗೆ ನೇತಾಡುತ್ತಿದ್ದರೆ ಅದು ಮಗುವಿನ ಕಾಲ್ಬೆರಳಿಗೆ ಸುತ್ತಿಕೊಳ್ಳಬಹುದು. ಮಗು ಕಾಲಾಡಿಸಿದಷ್ಟೂ ಅದು ಬಿಗಿಯುತ್ತದೆ, ರಕ್ತ ಓಡಾಡದೆ ಬೆರಳು ಊದಿ ಕೆಂಪಾಗುತ್ತದೆ, ಹೊತ್ತು ಕಳೆದರೆ ಬೆರಳನ್ನೇ ಕಳೆದುಕೊಳ್ಳುವ ಅಪಾಯ. ಹೊರಗಿನಿಂದ ಚೀಲ ಸರಿಯಾಗಿಯೇ ಕಾಣುತ್ತಿರುತ್ತದೆ, ಮಗು ಮಾತ್ರ ಅಳುತ್ತಿರುತ್ತದೆ. ತಾಯಿಯ ತಲೆಗೂದಲಿನಿಂದಲೂ ಹೀಗೇ ಆಗುತ್ತದೆ. ಹೆರಿಗೆಯಾಗಿ ಕೆಲವು ತಿಂಗಳಿಗೆ ಕೂದಲು ಹೆಚ್ಚು ಉದುರುವ ಕಾಲವಿದೆಯಲ್ಲ, ಆಗ ಇನ್ನೂ ಎಚ್ಚರ ಬೇಕು. ಅದಕ್ಕೇ ಒಳಗಡೆ ದಾರ ಹಾಯುವ ಬಣ್ಣ ಬಣ್ಣದ ಚಿತ್ತಾರವನ್ನು ನಾನು ಎಳೆ ಮಗುವಿನ ಚೀಲಕ್ಕೆ ಹಾಕುವುದಿಲ್ಲ, ಎಷ್ಟೇ ಚೆಂದವಿರಲಿ. ಕಾರಣವಿಲ್ಲದೆ ಅಳುವ ಮಗುವಿನ ಚೀಲ ಬಿಚ್ಚಿ ಹತ್ತೂ ಬೆರಳು ನೋಡಬೇಕೆಂದು ಅಣ್ಣನ ಮಗಳಿಗೆ ಹೇಳಿಕೊಟ್ಟೆ. ಸುತ್ತಿದ ಎಳೆ ಚರ್ಮದಲ್ಲಿ ಹೂತಿದ್ದರೆ ಕೀಳಲು ಹೋಗದೆ ಕೂಡಲೇ ಡಾಕ್ಟರ ಹತ್ತಿರ ಒಯ್ಯಬೇಕೆಂದೂ ಹೇಳಿದೆ.

ಹೆಣೆದಾದ ಮೇಲೆ ಉಗುರು ಬೆಚ್ಚಗಿನ ನೀರಿನಲ್ಲಿ ಅಂಟುವಾಳದ ನೊರೆ ಮಾಡಿ ನೆನೆಸಿಟ್ಟು, ಹಿಂಡದೆ ಟವೆಲಿನಲ್ಲಿ ಸುತ್ತಿ ಒತ್ತಿ, ನೆರಳಲ್ಲಿ ಚಪ್ಪಟೆ ಹಾಸಿ ಒಣಗಿಸಿದೆ. ಬಟ್ಟೆ ಸೋಪು, ಸೋಡಾ ಎರಡೂ ಉಣ್ಣೆಗೆ ಆಗದು, ಕ್ಷಾರ ಎಳೆಯನ್ನು ತಿನ್ನುತ್ತದೆ. ಅಂಟುವಾಳ ಸೌಮ್ಯ, ನಮ್ಮ ಕಡೆ ಕಾಸು ಕೊಡದೆ ಸಿಗುತ್ತದೆ.

ಮಗು ಹುಟ್ಟಿದ್ದು ಮಳೆ ಜೋರಾಗಿದ್ದಾಗಲೇ. ನಾನು ಊರಿಗೆ ಹೋದಾಗ ಅದು ತೊಟ್ಟಿಲಲ್ಲಿತ್ತು, ಅಂಗಾಲು ತಣ್ಣಗಿತ್ತು. ಅತ್ತಿಗೆ ಗಾಬರಿಯಾಗಿದ್ದರು. ಎಳೆ ಮಗುವಿನ ಕೈಕಾಲು ತಣ್ಣಗಿರುವುದು ಸಾಮಾನ್ಯ, ಮಗುವಿಗೆ ಚಳಿಯೋ ಸೆಕೆಯೋ ಎಂದು ತಿಳಿಯಲು ಹೊಟ್ಟೆ ಅಥವಾ ಕತ್ತಿನ ಹಿಂಭಾಗ ಮುಟ್ಟಬೇಕು. ಹೊಟ್ಟೆ ಬೆಚ್ಚಗಿತ್ತು. ಬೆಚ್ಚಗಿನ ಕೋಣೆಯಲ್ಲಿ ಕಾಲುಚೀಲ ಬೇಡ, ಸ್ನಾನವಾದ ಮೇಲೆ ಮತ್ತು ಜಗಲಿಗೆ ತರುವಾಗ ಹಾಕಿ ಎಂದೆ. ಕೆಂಡ ಇಟ್ಟಾಗ ಒಂದು ಕಿಟಕಿ ತೆರೆದಿರಲಿ ಎಂದೂ ಹೇಳಿದೆ. ಮುಚ್ಚಿದ ಕೋಣೆಯಲ್ಲಿ ಇದ್ದಿಲಿನ ವಿಷಗಾಳಿ ವಾಸನೆಯಿಲ್ಲದೆ ತುಂಬಿಕೊಳ್ಳುತ್ತದೆ.

ಚೀಲ ಹಾಕುವಾಗ ಬೆರಳ ಕಡೆಯಿಂದ ಮಡಿಸಿ ಹಿಡಿದು, ಮೊದಲು ಹಿಮ್ಮಡಿ ಅದರ ಜಾಗಕ್ಕೆ ಬಂತೇ ಎಂದು ನೋಡಿ, ಆಮೇಲೆ ಬಾರ್ಡರು ಮೇಲೆಳೆದೆ. ಮಗು ಎರಡೂ ಕಾಲು ಒಂದಕ್ಕೊಂದು ಉಜ್ಜಿತು, ಒದೆಯಿತು, ಮತ್ತೆ ಉಜ್ಜಿತು. ಚೀಲ ಕದಲಲಿಲ್ಲ. ಸಂಜೆ ಬಿಚ್ಚಿ ನೋಡಿದಾಗ ಕಾಲಿನ ಮೇಲೆ ಬಾರ್ಡರಿನ ಗುರುತು ಮೂಡಿರಲಿಲ್ಲ. ನನಗೆ ಬೇಕಾದ್ದು ಇವೆರಡೇ.

ನಾಮಕರಣದ ದಿನ ಬೆಳ್ಳಿಯ ಕಾಲ್ಗೆಜ್ಜೆ ಬಂತು. ಗೆಜ್ಜೆಯ ಕೊಂಡಿ ಹೆಣಿಗೆಗೆ ಸಿಕ್ಕಿ ಕುಣಿಕೆ ಎಳೆಯುತ್ತದೆ, ಚೀಲದೊಳಗೆ ಹಾಕಿದರೆ ಕಾಲಿಗೆ ಒತ್ತುತ್ತದೆ. ಹಾಗಾಗಿ ಶಾಸ್ತ್ರ ಮುಗಿಯುವವರೆಗೆ ಗೆಜ್ಜೆ, ಆಮೇಲೆ ಕಪ್ಪು ಪಟ್ಟೆಯ ಚೀಲ. ದೊಡ್ಡಮ್ಮ ತಾವೇ ಹಾಕಿದರು, ಪಟ್ಟೆ ಎಲ್ಲರಿಗೂ ಕಾಣುವ ಹಾಗೆ ಹೊದಿಕೆ ಸರಿಸಿಟ್ಟರು.

ಈಗ ಮಗು ಅಂಬೆಗಾಲಿಡುತ್ತಿದೆ, ಬೆಂಚು ಹಿಡಿದು ನಿಲ್ಲುತ್ತಿದೆ. ನಮ್ಮ ಮನೆಯದು ರೆಡಾಕ್ಸೈಡ್ ನೆಲ, ಉಣ್ಣೆಯ ಚೀಲ ಹಾಕಿದರೆ ಜಾರುತ್ತದೆ. ನಿಲ್ಲಲು ಕಲಿಯುವ ಕಾಲಿಗೆ ನೆಲ ತಾಗಬೇಕು, ಹಗಲೆಲ್ಲ ಬರಿಗಾಲೇ ಇರಲಿ ಎಂದಿದ್ದೇನೆ. ಚೀಲ ಹೊರಗೆ ಎತ್ತಿಕೊಂಡು ಹೋಗುವಾಗ ಮಾತ್ರ. ಅಣ್ಣನ ಮಗಳು ಮೊನ್ನೆ ಮಗುವಿನ ಪಾದವನ್ನು ಹಾಳೆಯ ಮೇಲಿಟ್ಟು ಪೆನ್ಸಿಲಿನಲ್ಲಿ ಗೆರೆ ಎಳೆದು, ಪಕ್ಕದಲ್ಲಿ ಸ್ಕೇಲು ಇಟ್ಟು ಫೋಟೊ ಕಳಿಸಿದ್ದಾಳೆ. ಹಿಮ್ಮಡಿಯಿಂದ ಹೆಬ್ಬೆರಳಿಗೆ ಹನ್ನೊಂದೂವರೆ ಸೆಂಟಿಮೀಟರ್. “ಅತ್ತೆ, ಈ ಸಲ ಹಿಮ್ಮಡಿ ನಾನು ತಿರುಗಿಸ್ತೇನೆ, ಅಲ್ಲಿವರೆಗೆ ಹೆಣೆದು ಕಡ್ಡಿ ಸಮೇತ ಕಳಿಸಿ,” ಎಂದು ಕೆಳಗೆ ಬರೆದಿದ್ದಾಳೆ. 40 ಕುಣಿಕೆ ಏರಿಸಿದ್ದೇನೆ, ಬಾರ್ಡರು ಅರ್ಧವಾಗಿದೆ.